ಬಿ.ಆರ್.ಬಿ. ಎಂದು ಹೋದವರು

ದೊಡ್ಡಬಳ್ಳಾಪುರ,
೩ ಅಕ್ಟೋಬರ್ ೧೯೯೯, ಭಾನುವಾರ ಮಧ್ಯಾಹ್ನ

ಚಿ. ಸೌ. ರತ್ನಳಿಗೆ ನಿನ್ನ ಯಜಮಾನ ಮಾಡುವ ಆಶೀರ್ವಾದಗಳು.

ನಿನ್ನ ಮಂಡಿ ನೋವು ಹೇಗಿದೆ? ನಿಮ್ಮ ಮನೆಯ ಹೊಸಿಲು ಎತ್ತರ, ದಾಟುವಾಗ ಗೋಡೆ ಹಿಡಿದುಕೋ. ಅತ್ತೆಯವರಿಗೆ ಕೆಮ್ಮು ಕಡಿಮೆಯಾಗಿದೆಯೇ? ಹೋದ ತಿಂಗಳು ಕಳಿಸಿದ ಬಿ.ಪಿ. ಮಾತ್ರೆ ಬೇರೆ ಕಂಪನಿಯದು, ಬಣ್ಣ ಬೇರೆ ಇದ್ದರೂ ಔಷಧಿ ಅದೇ ಅಂತೆ, ಅಂಗಡಿಯವನನ್ನು ಎರಡು ಸಲ ಕೇಳಿದ್ದೇನೆ. ಹೆದರಿ ಎತ್ತಿಟ್ಟಿದ್ದರೆ ಧೈರ್ಯವಾಗಿ ಕೊಡು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ, ಎಲ್ಲರೂ ಎಂದರೆ ಯಾರು ಎಂದು ನಾನೇ ಕೇಳಿಕೊಂಡು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ನಾನು ಕ್ಷೇಮ. ನೀನು ನೆಟ್ಟ ಕರಿಬೇವು ಸಜ್ಜದವರೆಗೆ ಬಂದಿದೆ. ಅಕ್ಕಪಕ್ಕದವರು ಬಂದು ಕಿತ್ತುಕೊಂಡು ಹೋಗುತ್ತಾರೆ. ನಾನು ಬೇಡ ಅನ್ನುವುದಿಲ್ಲ, ಆ ನೆಪದಲ್ಲಾದರೂ ಯಾರಾದರೂ ಗೇಟು ತೆಗೆಯುತ್ತಾರೆ.

ನನ್ನಿಂದ ಕಾಗದ ಬಂದದ್ದು ನೋಡಿ ನಿನಗೆ ಗಾಬರಿಯಾಗಬಹುದು. ಗಾಬರಿಪಡುವಂಥದ್ದು ಏನೂ ಇಲ್ಲ. ನೀನು ತವರು ತೂಬಗೆರೆಗೆ ಹೋಗಿ ಹದಿನೈದು ತಿಂಗಳಾಯಿತು. ಈ ಹದಿನೈದು ತಿಂಗಳಲ್ಲಿ ನಮ್ಮಿಬ್ಬರ ಮಧ್ಯೆ ಓಡಾಡಿದ್ದು ಒಂದು ಬಟ್ಟೆಯ ಚೀಲ ಮಾತ್ರ. ತಿಂಗಳಿಗೊಮ್ಮೆ ನಾನು ಅದರಲ್ಲಿ ಅತ್ತೆಯವರ ಮಾತ್ರೆ, ನಿನಗೆ ಕಾಫಿಪುಡಿ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ನೀನು ಚೀಲವನ್ನು ಒಗೆದು, ಮಡಿಸಿ, ಅದೇ ಕಂಡಕ್ಟರ್ ಕೈಗೆ ಕೊಡುತ್ತೀಯ. ಒಂದೆರಡು ಸಲ ಒಳಗೆ ಅವರೆಕಾಯಿ ಇತ್ತು. ಪ್ರತಿ ಸಲವೂ ನಾನು ಚೀಲದ ಮೂಲೆಗೆಲ್ಲ ಕೈ ಹಾಕಿ ಒಂದು ಚೀಟಿ ಇದೆಯೇನೋ ಎಂದು ಹುಡುಕುತ್ತೇನೆ. ನೀನೂ ಹಾಗೇ ಹುಡುಕಿರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮೊನ್ನೆ ಗುರುವಾರ ಹೊಳೆಯಿತು. ಹೊಳೆದದ್ದು ಒಂದು ಪದದಿಂದ, ಪದವೂ ಅಲ್ಲ, ಮೂರು ಇಂಗ್ಲಿಷ್ ಅಕ್ಷರದಿಂದ. ಅದನ್ನು ನಿನಗೆ ಬಿಡಿಸಿ ಹೇಳಬೇಕು. ನಿಮ್ಮ ಮಾತಿಗೂ ಪದಕ್ಕಿಷ್ಟು ಅಂತ ಚಾರ್ಜು ಬೀಳುತ್ತೇನ್ರೀ ಎಂದು ನೀನು ಹಂಗಿಸುತ್ತಿದ್ದೆಯಲ್ಲ, ಇವತ್ತು ಪದ ಎಣಿಸದೆ ಬರೆಯುತ್ತೇನೆ. ಕನ್ನಡಕ ಹಾಕಿಕೊಂಡು ಕೂತುಕೋ.

ಬಸ್ ಸ್ಟ್ಯಾಂಡಿನ ಹತ್ತಿರ ಎಸ್.ಟಿ.ಡಿ. ಬೂತ್ ಇಟ್ಟಿರುವ ಹನುಮಂತರಾಯಪ್ಪನವರು ನಿನಗೆ ಗೊತ್ತು. ಅವರು ಪಕ್ಕದ ಮಳಿಗೆಯನ್ನೂ ಹಿಡಿದು, ಎರಡು ಕಂಪ್ಯೂಟರ್ ಇಟ್ಟು, ಇಂಟರ್‌ನೆಟ್ ಎಂದು ಬೋರ್ಡು ಬರೆಸಿದ್ದಾರೆ. ನೋಡಿಕೊಳ್ಳುವವಳು ಅವರ ಮಗಳು ಅಕ್ಷತ. ಆಗಸ್ಟಿನಲ್ಲಿ ಒಂದು ಸಂಜೆ ಆಫೀಸು ಮುಗಿಸಿ ಆ ಕಡೆಯಿಂದ ಬರುತ್ತಿದ್ದೆ. ಒಳಗಿನಿಂದ ಕೀಚು ಕೀಚು ಎಂದು, ಆಮೇಲೆ ಬಾಣಲೆಗೆ ನೀರು ಬಿದ್ದ ಹಾಗೆ ಒಂದು ಸದ್ದು ಬಂತು. ಯಾರಿಗಾದರೂ ಅದು ಬರೀ ಗಲಾಟೆ. ಇಪ್ಪತ್ತೆಂಟು ವರ್ಷ ತಂತಿ ಕಚೇರಿಯಲ್ಲಿ ಕೂತ ನನ್ನ ಕಿವಿಗೆ ಮಾತ್ರ ಅದು ಗಲಾಟೆಯಾಗಿ ಕೇಳಲಿಲ್ಲ. ಇಲ್ಲಿಯ ಯಂತ್ರ ಅಲ್ಲಿಯದನ್ನು ಇದ್ದೀಯಾ ಎಂದು ಕೂಗುತ್ತಿದೆ, ಅಲ್ಲಿಯದು ಇನ್ನೂ ಓಗೊಡುತ್ತಿಲ್ಲ. ಬಾಗಿಲಲ್ಲೇ ನಿಂತೆ. ಸದ್ದು ನಿಂತ ತಕ್ಷಣ, ಈಗ ಲೈನು ಸಿಕ್ತು ಅಂದೆ. ಅಕ್ಷತ ತಿರುಗಿ ನೋಡಿ, "ಸ್ಕ್ರೀನ್ ನೋಡ್ದೇನೇ ಹೆಂಗ್ ಹೇಳಿದ್ರಿ ಅಂಕಲ್?" ಎಂದು ನಕ್ಕಳು, ಒಳಗೆ ಕರೆದು ಸ್ಟೂಲು ಹಾಕಿದಳು. ಅವತ್ತು ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೂರೇ ಮೂರು ತಂತಿ ಬಂದಿದ್ದವು. ನನ್ನ ಕೈಯ ಕೆಳಗೆ ಟಕ್ಕಟಕ್ಕ ಅನ್ನುತ್ತಿದ್ದ, ತಂತಿ ಒತ್ತುವ ಕೀ ಈಗ ಬೀರುವಿನಲ್ಲಿದೆ. ಮನೆಗೆ ಹೋಗಿ ಮಾಡುವುದೂ ಏನಿರಲಿಲ್ಲ, ಕೂತೆ.

ಅದರಲ್ಲಿ ಚಾಟ್ ಅಂತ ಒಂದಿದೆ. ಎಲ್ಲೆಲ್ಲಿಯವರೋ ಒಂದೇ ಕಡೆ ಸೇರಿ ಬೆರಳಲ್ಲಿ ಮಾತಾಡುವುದು. ನಾನು ನೋಡುತ್ತಾ ನೋಡುತ್ತಾ ಅಯ್ಯೋ ಇದು ನಮ್ಮದೇ ಕಸುಬಲ್ಲವೇ ಅಂದುಕೊಂಡೆ. ಅವರೂ ನಮ್ಮ ಹಾಗೆ ಒಂದು ಮಾತನ್ನು ಮೂರು ಅಕ್ಷರಕ್ಕೆ ಇಳಿಸುತ್ತಾರೆ. ಬಂದ ಕೂಡಲೇ ಎ.ಎಸ್.ಎಲ್. ಎಂದು ಕೇಳುತ್ತಾರೆ, ವಯಸ್ಸೆಷ್ಟು, ಹೆಣ್ಣೋ ಗಂಡೋ, ಯಾವೂರು ಎಂದು. ನಾನು ಪ್ರಾಮಾಣಿಕವಾಗಿ ಐವತ್ತನಾಲ್ಕು, ಗಂಡಸು, ದೊಡ್ಡಬಳ್ಳಾಪುರ ಎಂದು ಹೊಡೆದೆ. ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡಿದರು. ಅಕ್ಷತ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಬಂದರೆ ನಗು ಬಂದಿದೆ ಎಂದೂ ಮೂರಕ್ಷರದಲ್ಲಿ ತಿಳಿಸಬೇಕಂತೆ, ಇಲ್ಲವಾದರೆ ಆ ಕಡೆಯವರಿಗೆ ಗೊತ್ತಾಗುವುದಿಲ್ಲ. ಒಬ್ಬನೇ ಇರುವ ಮನೆಗೆ ಇದು ಒಳ್ಳೆಯ ಏರ್ಪಾಡು ಅನ್ನಿಸಿತು. ಅವಳು ಹಳೇ ನೋಟ್‌ಬುಕ್ಕಿನಲ್ಲಿ ನನಗಾಗಿ ಒಂದು ಪಟ್ಟಿ ಬರೆದುಕೊಟ್ಟಳು, ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಕನ್ನಡದಲ್ಲಿ ಅರ್ಥ. ಅದರಲ್ಲಿ ನಾಲ್ಕನೆಯದು ಬಿ.ಆರ್.ಬಿ., ಬಿ ರೈಟ್ ಬ್ಯಾಕ್. ಎದುರಿಗೆ ಅವಳು ಬರೆದದ್ದು, ಈಗಲೇ ಬಂದೆ. ನಮ್ಮ ಕಸುಬಿನಲ್ಲೂ ಇದಕ್ಕೊಂದು ಗುರುತು ಇತ್ತಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ಆ ಗುರುತು ನಿನಗೂ ಗೊತ್ತು, ಹೆಸರು ಗೊತ್ತಿಲ್ಲದಿರಬಹುದು. ಒಂದು ಚುಕ್ಕಿ, ಒಂದು ಗೆರೆ, ಮತ್ತೆ ಮೂರು ಚುಕ್ಕಿ. ತಾಳು ಎಂದು ಅರ್ಥ. ನಾವು ಮದುವೆಯಾದ ಹೊಸದರಲ್ಲಿ ವಿಜಯಪುರದ ಆಫೀಸಿನಲ್ಲಿದ್ದೆನಲ್ಲ, ಹಗಲೆಲ್ಲ ರೇಷ್ಮೆಯವರ ರೇಟಿನ ತಂತಿ, ಸಂಜೆಯಾದರೆ ಲೈನು ಖಾಲಿ. ಆಗ ಚಿಂತಾಮಣಿಯ ಆಪರೇಟರ್ ಜೊತೆ ನಾನು ಹರಟುತ್ತಿದ್ದೆ. ಅವನ ಮುಖ ಇವತ್ತಿಗೂ ನೋಡಿಲ್ಲ, ಅವನು ಕೀ ಒತ್ತುವ ಕೈ ಮಾತ್ರ ಗೊತ್ತು. ಒಂದು ಸಂಜೆ ಅವನು ತಾಳು ಎಂದು ಒತ್ತಿ ಎದ್ದು ಹೋದ. ತಾಳು ಅಂದ ಮೇಲೆ ಈ ಕಡೆಯವನು ಲೈನು ಬಿಡಬಾರದು, ಸುಮ್ಮಸುಮ್ಮನೆ ಕೀ ಮುಟ್ಟಿ ಆ ಕಡೆ ಸದ್ದು ಮಾಡಿಸಲೂಬಾರದು. ಅದು ನಮ್ಮ ಶಿಸ್ತು. ನೀನು ಉಪ್ಪಿಟ್ಟು ತಂದು ಬಾಗಿಲಲ್ಲಿ ನಿಂತೆ. ನಾನು ನಿನಗೂ ಕೈ ಎತ್ತಿ ತಾಳು ಅಂದೆ. ಎರಡು ಗಂಟೆ ಆದ ಮೇಲೆ ಅವನು ಬಂದು ಇದ್ದೀಯಾ ಎಂದು ಕೇಳಿದ, ಇದ್ದೇನೆ ಅಂದೆ, ಗಂಡುಮಗು ಎಂದು ಒತ್ತಿದ. ಅಷ್ಟು ಹೊತ್ತೂ ನೀನು ಬೆಂಚಿನ ಮೇಲೆ ಉಪ್ಪಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ಕತೆಯನ್ನು ನಾನು ಎಷ್ಟು ಜನಕ್ಕೆ ಹೆಮ್ಮೆಯಿಂದ ಹೇಳಿದ್ದೇನೋ ಲೆಕ್ಕವಿಲ್ಲ. ನೀನು ಕಾದದ್ದನ್ನು ಮಾತ್ರ ಅದರಲ್ಲಿ ಹೇಳಿದ್ದು ನೆನಪಿಲ್ಲ.

ಚಾಟ್‌ನಲ್ಲಿ ನನ್ನ ವಯಸ್ಸು ಕೇಳಿಯೂ ಎದ್ದು ಹೋಗದವನು ಒಬ್ಬ ಸಿಕ್ಕಿದ. ಹೆಸರು ಅಮರ್ ಅಂದ. ಹೊಸಕೋಟೆ ಕಡೆಯವನು, ಗುಲ್ಬರ್ಗಾದಲ್ಲಿ ಬ್ಯಾಂಕಿನ ಕೆಲಸ, ಹೆಂಡತಿ ಮಗು ಊರಿನಲ್ಲಿ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯುತ್ತಾನೆ, ನಾನೂ ಕಲಿತೆ. ಅವನಿಗೆ ಅಲ್ಲಿಯ ಜೋಳದ ರೊಟ್ಟಿ ಸಾಕಾಗಿ ರೂಮಿನಲ್ಲಿ ಮುದ್ದೆ ಮಾಡಲು ಹೋಗಿ ಗಂಟು ಗಂಟಾಗುತ್ತದಂತೆ. ನಾನು ದೊಡ್ಡ ಪಂಡಿತನ ಹಾಗೆ ಎಸರು ಕುದಿಯುವ ಮೊದಲು ಒಂದು ಹಿಡಿ ಹಿಟ್ಟು ಕಲಸಿ ಬಿಡಪ್ಪಾ ಎಂದೆಲ್ಲ ಹೇಳಿಕೊಟ್ಟೆ. ನನ್ನ ಮುದ್ದೆಯೂ ಗಂಟೇ ಎಂದು ಅವನಿಗೆ ಹೇಳಲಿಲ್ಲ. ಹೀಗೆ ನಾಲ್ಕು ಸಂಜೆ. ಮನೆಗೆ ಬಂದು ಬೀಗ ತೆಗೆಯುವಾಗ ಇವತ್ತು ಯಾರ ಜೊತೆಯೋ ಮಾತಾಡಿದೆ ಅನ್ನಿಸುತ್ತಿತ್ತು. ನಿನಗೆ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ, ಆ ನಾಲ್ಕು ದಿನ ನಾನು ಬೇಗ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ಹೋಗುತ್ತಿದ್ದೆ, ಅವನಿಗೆ ನಾನು ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಮೊನ್ನೆ ಬುಧವಾರ ಸಂಜೆ ಆರೂವರೆ. ಅಮರ್ ತನ್ನ ಮಗುವಿನ ಹುಟ್ಟುಹಬ್ಬಕ್ಕೆ ರಜ ಸಿಗಲಿಲ್ಲ ಎಂದು ಬರೆಯುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಬಿ.ಆರ್.ಬಿ. ಎಂದು ಹೊಡೆದ. ನನಗೆ ಪಟ್ಟಿ ನೋಡುವ ಅಗತ್ಯವೂ ಬೀಳಲಿಲ್ಲ. ತಾಳು ಅಂದಿದ್ದಾನೆ, ತಾಳಿದೆ. ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತಾ ಕೂತೆ. ಏಳಾಯಿತು. ಪಕ್ಕದ ಕಂಪ್ಯೂಟರಿನಲ್ಲಿ ಇಬ್ಬರು ಬಂದು ಹೋದರು. ಅಕ್ಷತ ಕಾಫಿ ತರಿಸಿ ಕೊಟ್ಟಳು. ಏಳೂಮುಕ್ಕಾಲಿಗೆ ಅವಳು ಬಂದು, "ಅಂಕಲ್, ಒಂದ್ ಗಂಟೆಯಿಂದ ನೋಡ್ತಿದೀನಿ, ನೀವು ಒಂದ್ ಅಕ್ಷರಾನೂ ಹೊಡೀಲಿಲ್ಲ, ಹುಷಾರಿದೀರಾ?" ಅಂದಳು. ಅವನು ಬಿ.ಆರ್.ಬಿ. ಅಂದಿದ್ದಾನಮ್ಮ, ಬರಲಿ ಅಂದೆ. ಅವಳು ಈ ಸಲ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನಾನ್ ಬರ್ಕೊಟ್ಟಿದ್ದು ಅರ್ಥ ಅಂಕಲ್. ಬಳಸೋದೇ ಬೇರೆ. ಕೆಲವ್ರು ನಿಜವಾಗ್ಲೂ ಬಾಗ್ಲು ಬಡಿದ್ರು ಅಂತ ಎದ್ ಹೋಗಿ ಬರ್ತಾರೆ. ಕೆಲವ್ರಿಗೆ ಸಾಕಾಗಿರುತ್ತೆ, ಹೋಗ್ತೀನಿ ಅನ್ನಕ್ಕೆ ಮುಜುಗರ, ಅದಕ್ಕೆ ಇದನ್ನ ಹಾಕ್ತಾರೆ. ಇನ್ ಕೆಲವ್ರು ಮನಸ್ಸಿಗೆ ಬೇಜಾರಾದಾಗ ಹಾಕ್ತಾರೆ, ಇವರು ನನ್ನ ಕರೀತಾರಾ ನೋಡೋಣ ಅಂತ." ಯಾರು ಯಾವ ಲೆಕ್ಕದಲ್ಲಿ ಹಾಕಿದ್ದಾರೆ ಎಂದು ಗೊತ್ತಾಗುವುದು ಹೇಗೆ ಎಂದು ಕೇಳಿದೆ. "ಕೇಳ್ಬೇಕು ಅಂಕಲ್. ಐದು ನಿಮಿಷ ನೋಡಿ, ಇದ್ದೀರಾ ಅಂತ ಒಂದ್ ಸಾಲು ಹಾಕ್ಬೇಕು. ಸುಮ್ನೆ ಕೂತ್ರೆ ನೀವೇ ಎದ್ ಹೋಗಿದ್ದೀರ ಅಂದ್ಕೊಂತಾರೆ." ನಾನು ಅವಳಿಗೆ ನಮ್ಮ ಶಿಸ್ತಿನ ಬಗ್ಗೆ ಹೇಳಿದೆ, ಚಿಂತಾಮಣಿಯವನ ಕತೆಯನ್ನೂ ಹೇಳಿದೆ. ಅವಳು ಮರ್ಯಾದೆಗೆ ತಲೆಯಾಡಿಸಿದಳು. ಆಮೇಲೆ, "ಅವರಿಗೆ ನೀವು ಕಾಯ್ತಿದೀರ ಅಂತ ಗೊತ್ತಿತ್ತಲ್ಲ ಅಂಕಲ್, ಇವರಿಗೆ ಹೆಂಗ್ ಗೊತ್ತಾಗ್ಬೇಕು?" ಅಂದಳು. ನಾನು, ಇವತ್ತಿನ ಮಕ್ಕಳಿಗೆ ತಾಳ್ಮೆಯಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮನೆಗೆ ಬಂದೆ.

ಗುರುವಾರ ಹೋದಾಗ ಅಮರ್ ಒಂದು ಸಾಲು ಬಿಟ್ಟು ಹೋಗಿದ್ದ. ಮನೆಯ ಓನರ್ ಕರೆದರೆಂದು ಎದ್ದು ಹೋಗಿ ಹತ್ತೇ ನಿಮಿಷಕ್ಕೆ ವಾಪಸು ಬಂದಿದ್ದನಂತೆ. ನೋಡಿದರೆ ನಾನು ಏನೂ ಬರೆದಿಲ್ಲ. ಮಗುವಿನ ವಿಷಯ ಹೇಳಿ ಹೇಳಿ ನಿಮಗೆ ಬೇಜಾರು ಮಾಡಿದೆನೇನೋ, ನೀವು ಹೋಗಿರಬೇಕು ಅಂದುಕೊಂಡೆ, ಆದರೂ ಅರ್ಧ ಗಂಟೆ ಕೂತಿದ್ದೆ, ಕ್ಷಮಿಸಿ ಎಂದು ಬರೆದಿದ್ದ. ನಾನು ಅದನ್ನು ಮೂರು ಸಲ ಓದಿದೆ. ಅಲ್ಲಿ ಅವನು ಕೂತಿದ್ದಾನೆ, ಇಲ್ಲಿ ನಾನು ಕೂತಿದ್ದೇನೆ. ಲೈನು ಎರಡು ಕಡೆಯೂ ಸರಿಯಾಗಿಯೇ ಇತ್ತು. ಒಬ್ಬರೂ ಕೀ ಮುಟ್ಟಲಿಲ್ಲ. ಅಕ್ಷತಳಿಗೆ ಇವತ್ತು ಸಾಕಮ್ಮ ಎಂದು ಹೇಳಿ ಎದ್ದೆ. ಬಸ್ ಸ್ಟ್ಯಾಂಡ್ ದಾಟಿ ಮಗ್ಗದ ಬೀದಿಯಲ್ಲಿ ಬರುವಾಗ ಎರಡೂ ಕಡೆಯ ಮನೆಗಳಲ್ಲಿ ಮಗ್ಗದ ಸದ್ದು ಜೋರಾಗಿತ್ತು, ಅದರ ಮಧ್ಯೆ ನಾನು ಅಳುತ್ತಾ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

ನಿನ್ನ ತಮ್ಮ ಲಕ್ಷ್ಮಯ್ಯನ ಹನ್ನೊಂದನೆಯ ದಿನ ಮುಗಿದ ಮೇಲೆ ನೀನು ನಿಮ್ಮ ಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟೇ. "ಅಮ್ಮನ ಹತ್ರ ಸ್ವಲ್ಪ ದಿವಸ ಇದ್ದು ಬರ್ತೀನಿ, ನೀವು ನಡೀರಿ." ಬರ್ತೀನಿ ಅಂದಳಲ್ಲ ಎಂದು ನಾನು ಬಂದುಬಿಟ್ಟೆ. ತಾಳು ಅಂದಿದ್ದಾಳೆ, ತಾಳಬೇಕು. ಕಾಗದ ಬರೆದರೆ, ಬಂದು ನಿಂತರೆ, ಅದು ನಿನ್ನನ್ನು ಅವಸರಪಡಿಸಿದ ಹಾಗೆ. ದೇವರಾಣೆ ರತ್ನ, ನಾನು ಹಾಗೇ ತಿಳಿದಿದ್ದೆ. ದಿನ ಹೋದ ಹಾಗೆಲ್ಲ ಎಷ್ಟು ಶಿಸ್ತಾಗಿ ಇದ್ದೇನೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಬೀದಿಯವರು ಮುನಿರತ್ನಮ್ಮ ಯಾವಾಗ ಬರ್ತಾರೆ ಎಂದು ಕೇಳಿದರೆ, ಅವಳ ತಾಯಿಗೆ ಹುಷಾರಿಲ್ಲ, ಬರ್ತಾಳೆ ಅನ್ನುತ್ತಿದ್ದೆ. ನಮ್ಮ ಕಡೆ ಮುನಿಸಿಕೊಂಡು ತವರಿಗೆ ಹೋದ ಹೆಣ್ಣುಮಗಳನ್ನು ಗಂಡ ಹೋಗಿ ಕರೆಯಬೇಕು, ಕರೆಯದೆ ಅವಳು ಬರುವುದಿಲ್ಲ. ಬೇರೆಯವರ ಮನೆಯ ವಿಷಯದಲ್ಲಿ ನಾನೇ ಎಷ್ಟು ಸಲ ಬುದ್ಧಿ ಹೇಳಿದ್ದೇನೆ. ನೀನು ಮುನಿಸಿಕೊಂಡು ಹೋಗಿದ್ದೀಯ ಎಂದು ನಾನು ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಂಡರೆ ಯಾಕೆ ಎಂದು ಕೇಳಿಕೊಳ್ಳಬೇಕಿತ್ತು, ಯಾಕೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳಿದ್ದಿದ್ದರೆ ಈ ಮಾತು ಅತ್ತಿಂದಿತ್ತ ಒಯ್ಯುತ್ತಿದ್ದವೋ ಏನೋ. ಲಕ್ಷ್ಮಯ್ಯನಾದರೂ ಇದ್ದಿದ್ದರೆ ನನ್ನನ್ನು ಹೆಗಲು ಹಿಡಿದು ಎಳೆದುಕೊಂಡು ಬರುತ್ತಿದ್ದ.

ಈಗ ಬರೆಯುವುದನ್ನು ಅತ್ತೆಯವರಿಗೆ ಓದಿ ಹೇಳಬೇಡ. ಆ ದಿನ ಲಕ್ಷ್ಮಯ್ಯನಿದ್ದ ಗುಂತಕಲ್ಲಿನಿಂದ ತಂತಿ ಬೆಂಗಳೂರಿಗೆ ಬಂದು, ಅಲ್ಲಿಂದ ನಮಗೆ ಫೋನಿನಲ್ಲಿ ಬಂತು. ಆ ಕಡೆಯವನು ಒಂದೊಂದೇ ಅಕ್ಷರ ಹೇಳುತ್ತಾನೆ, ನಾನು ಫಾರಮ್ಮಿನ ಮೇಲೆ ಬರೆದುಕೊಳ್ಳುತ್ತೇನೆ. ಎಂ ಎಂದು ಹೇಳಿದ, ಬರೆದೆ. ಯು, ಬರೆದೆ. ಎನ್, ಬರೆದೆ. ಮುನಿರತ್ನಮ್ಮ ಎಂದು ಪೂರ್ತಿ ಬರೆದೆ, ನನ್ನ ಮನೆಯ ವಿಳಾಸ ಬರೆದೆ, ಆದರೂ ಅದು ನೀನು ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಅಕ್ಷರ ಹಿಡಿದ ಕೈ ಅದು, ಮಾತು ಓದುವುದಿಲ್ಲ. ಲಕ್ಷ್ಮಯ್ಯ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ. ಬರೆದು ಮುಗಿಸಿ, ಪದ ಎಣಿಸಿ, ವೇಳೆ ಹತ್ತು ಐವತ್ತೈದು ಎಂದು ಹಾಕಿ, ಸಹಿ ಮಾಡಿದ ಮೇಲೆ ಓದಿದೆ. ನೀನು ಸೊಂಟದ ಮೇಲೆ ಎತ್ತಿ ಬೆಳೆಸಿದ ತಮ್ಮ. ವರ್ಷಕ್ಕೆರಡು ಸಲ ಬಂದು ನಮ್ಮ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದವನು, ನನ್ನನ್ನು ಭಾವಾ ಅನ್ನುತ್ತಿದ್ದವನು.

ಕ್ಯೂನಲ್ಲಿ ಜನ ಇದ್ದರು, ಕೌಂಟರ್ ಬಿಟ್ಟು ಏಳುವಂತಿರಲಿಲ್ಲ, ಅದಕ್ಕೇ ನರಸಿಂಹಯ್ಯನ ಕೈಯಲ್ಲಿ ಕಳಿಸಿದೆ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು ರತ್ನ. ಕ್ಯೂನಲ್ಲಿ ಇದ್ದದ್ದು ಒಬ್ಬರೇ ಒಬ್ಬರು. ಡೆಲಿವರಿಗೆ ಹೊರಟಿದ್ದ ನರಸಿಂಹಯ್ಯ ವಿಳಾಸ ನೋಡಿ ಸೈಕಲ್ ಸ್ಟ್ಯಾಂಡ್ ಹಾಕಿ ವಾಪಸು ಬಂದ. "ಸಾರ್, ಅಮ್ಮಾವ್ರಿಗೆ ನೀವೇ ಹೋಗಿ ಹೇಳಿ ಸಾರ್, ನಾನ್ ಇಲ್ಲಿ ಕೂತಿರ್ತೀನಿ" ಎಂದು ಎರಡು ಸಲ ಹೇಳಿದ. ಮನೆಗೆ ಹತ್ತು ನಿಮಿಷದ ದಾರಿ. ನಾನು ಫಾರಮ್ಮನ್ನು ಕವರಿಗೆ ಹಾಕಿ, ಅಂಟಿಸಿ, ರೂಲ್ಸು ರೂಲ್ಸು ಕಣಯ್ಯಾ, ಹೋಗು ಅಂದೆ. ಯಾವ ರೂಲ್ಸೂ ಇರಲಿಲ್ಲ. ನಿನ್ನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಊರಿನವರಿಗೆಲ್ಲ ಸಾವಿನ ಸುದ್ದಿ ಬರೆದುಕೊಟ್ಟವನು ನಾನು, ಆ ಸುದ್ದಿ ಓದುವವರ ಎದುರಿಗೆ ಒಂದು ಸಲವೂ ನಿಂತಿಲ್ಲ. ಮಧ್ಯಾಹ್ನ ಊಟದ ವೇಳೆಗೆ ಬಂದಾಗ ನೀನು ಗಂಟು ಕಟ್ಟಿಕೊಂಡು ನಡುಮನೆಯಲ್ಲಿ ಕೂತಿದ್ದೆ, ಫಾರಂ ನಿನ್ನ ಕೈಯಲ್ಲೇ ಇತ್ತು. "ನಿಮ್ಮ ಕೈಬರಹ ಚೆನ್ನಾಗಿದೆ, ಒಂದಕ್ಷರಾನೂ ನಡುಗಿಲ್ಲ" ಎಂದು ನೀನು ಅಂದೆ. ಗುಂತಕಲ್ಲಿಗೆ ಹೋಗುವಾಗ ರೈಲಿನಲ್ಲಿ ನೀನು ಕಿಟಕಿಯ ಕಡೆಗೆ ತಿರುಗಿ ಕೂತಿದ್ದೆ, ನಾನು ನಿನಗೆ ನೀರು ಬೇಕಾ ಎಂದು ಮಾತ್ರ ಕೇಳಿದೆ. ಅವತ್ತು ನಾನು ಮನೆಗೆ ಬರುವವರೆಗೆ ಎರಡು ಗಂಟೆ ಕಾಲ ನೀನು ಆ ಕಾಗದ ಹಿಡಿದುಕೊಂಡು ಒಬ್ಬಳೇ ಇದ್ದೆ. ಆ ಎರಡು ಗಂಟೆಯಲ್ಲಿ ಅತ್ತುಬಿಟ್ಟೆಯಾ, ಕೂಗಿದೆಯಾ, ಯಾರಾದರೂ ಪಕ್ಕದವರು ಬಂದರಾ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಬೇಕಾಗಿತ್ತು.

ಇದನ್ನೆಲ್ಲ ಬರೆದು ನಿನ್ನನ್ನು ಕರೆಯುತ್ತಿದ್ದೇನೆ ಎಂದು ತಿಳಿಯಬೇಡ. ಕರೆಯಬೇಕೆಂದು ಆಸೆ ಬೇಕಾದಷ್ಟಿದೆ. ಮನೆ ನಾಲ್ಕು ಗೋಡೆಯಾಗಿ ಉಳಿದಿದೆ. ಒಂದೇ ತಟ್ಟೆ ತೊಳೆದು ಒಂದೇ ತಟ್ಟೆ ಬೋರಲು ಹಾಕುತ್ತೇನೆ. ಭಾನುವಾರ ಬಂತೆಂದರೆ ಹೆದರಿಕೆ, ಆಫೀಸಿಲ್ಲ, ಬೆಳಗಿನಿಂದ ಗಂಟಲಿನಿಂದ ಒಂದು ಮಾತೂ ಹೊರಗೆ ಬಂದಿರುವುದಿಲ್ಲ, ಸಂಜೆ ಹಾಲಿನವನ ಜೊತೆ ಮಾತಾಡಲು ಹೋದರೆ ದನಿ ಕಟ್ಟಿರುತ್ತದೆ. ಒಮ್ಮೊಮ್ಮೆ ನಿನ್ನ ಹೆಸರನ್ನು ಜೋರಾಗಿ ಅಂದು ನೋಡುತ್ತೇನೆ, ದನಿ ಇದೆಯೋ ಇಲ್ಲವೋ ಎಂದು. ಇದೆಲ್ಲ ನಿನ್ನ ತಪ್ಪೆಂದು ಹೇಳುತ್ತಿಲ್ಲ. ನನಗೇ ಇಷ್ಟಾದರೆ, ತಮ್ಮನನ್ನೂ ಕಳೆದುಕೊಂಡು, ಗಂಡನಿಂದ ಒಂದು ಸಾಲೂ ಕಾಣದೆ, ಮುದುಕಿ ತಾಯಿಗೆ ಧೈರ್ಯ ಹೇಳುತ್ತಾ ಹದಿನೈದು ತಿಂಗಳು ಕೂತ ನಿನಗೆ ಎಷ್ಟಾಗಿರಬೇಕು ಎಂದು ಗುರುವಾರದಿಂದ ಲೆಕ್ಕ ಹಾಕುತ್ತಿದ್ದೇನೆ. ಅಕ್ಷತ ಹೇಳಿದ ಮೂರು ಬಗೆಯಲ್ಲಿ ನಿನ್ನದು ಯಾವುದು ಎಂದು ನನಗೆ ನಿಜವಾಗಿ ಗೊತ್ತಿಲ್ಲ. ಸಾಕಾಗಿ ಹೋದದ್ದಾದರೆ ಅದನ್ನೇ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ, ವಾದ ಮಾಡುವುದಿಲ್ಲ. ಆದರೆ ಕೇಳದೆ ಇರಲಾರೆ. ಇದ್ದೀಯಾ ರತ್ನ?

ಬರುವ ಶನಿವಾರ ಮಹಾಲಯ ಅಮಾವಾಸ್ಯೆ. ನಿಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಲಕ್ಷ್ಮಯ್ಯನಿಗೂ ಇಡುತ್ತೀರಿ. ಅವನಿಗಿಂತ ಮೊದಲು ಎಡೆ ಹಾಕಿಸಿಕೊಳ್ಳಬೇಕಾದವರೆಲ್ಲ ಇನ್ನೂ ಗಟ್ಟಿಯಾಗಿ ಕೂತಿದ್ದೇವೆ. ಅವನಿಗೆ ಹುರುಳಿಕಾಳಿನ ಸಾರು ಇಷ್ಟ, ನಿನಗೆ ನಾನು ಹೇಳಬೇಕಾಗಿಲ್ಲ. ಪಕ್ಷದ ದಿನಗಳಲ್ಲಿ ಹೆಣ್ಣುಮಗಳನ್ನು ಮನೆಯಿಂದ ಕರೆದೊಯ್ಯುವ ವಾಡಿಕೆ ಇಲ್ಲ, ಅತ್ತೆಯವರು ಒಪ್ಪುವುದೂ ಇಲ್ಲ, ಅದು ನನಗೆ ಗೊತ್ತು. ನಾನು ಅವತ್ತಿನ ಎರಡು ಗಂಟೆಯ ಬಗ್ಗೆ ಮಾತ್ರ ಯೋಚಿಸುತ್ತಿದ್ದೇನೆ. ಅವತ್ತು ನಿನ್ನ ಪಕ್ಕದಲ್ಲಿ ಕೂರಬೇಕಾಗಿದ್ದವನು ಕೂರಲಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಯಾಕೆ ಇಷ್ಟುದ್ದ ಕಾಗದ ಎಂದು ಕೇಳಿದರೆ ಮಾತ್ರೆಯ ವಿಷಯ ಎಂದು ಹೇಳು. ಮೇಲೆ ಆಶೀರ್ವಾದಗಳು ಎಂದು ಬರೆದದ್ದು ಗಂಡಸರ ವಾಡಿಕೆ, ಕೈ ತಾನಾಗಿ ಬರೆಯಿತು. ನಿಜವಾಗಿ ನಾನು ಬೇಡುತ್ತಿರುವುದು ನಿನ್ನ ಕ್ಷಮೆ. ಮಂಡಿಗೆ ಬಿಸಿನೀರಿನ ಕಾವು ಕೊಡುವುದನ್ನು ತಪ್ಪಿಸಬೇಡ.

ನಿನ್ನವನು,
ಆದಿನಾರಾಯಣಪ್ಪ

ತಾ.ಕ.: ಕವರ್ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು. ಹೋದ ಮಾರ್ಚಿನಲ್ಲಿ ಒಂದು ಭಾನುವಾರ ನಾನು ತೂಬಗೆರೆಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಬಸ್ಸು ನಿಮ್ಮ ಮನೆಯ ಎದುರಿಗೇ ನಿಂತಿತು. ನೀನು ಜಗಲಿಯ ಮೇಲೆ ಅತ್ತೆಯವರ ಜೊತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಅವರು ಏನೋ ಅಂದರು, ನೀನು ನಕ್ಕೆ. ನಾನಿಲ್ಲದೆಯೂ ಚೆನ್ನಾಗಿದ್ದಾಳೆ ಎಂದು ನನಗೆ ಅನ್ನಿಸಿತು. ಆಮೇಲೆ ನೀನು ಕೈಯಲ್ಲಿದ್ದದ್ದನ್ನು ಬಿಟ್ಟು ತಲೆಯೆತ್ತಿ, ಬಸ್ಸಿನಿಂದ ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ಕೊನೆಯವರು ಇಳಿಯುವವರೆಗೂ ನೋಡಿದೆ. ನಾನು ತಲೆ ತಗ್ಗಿಸಿ ಸೀಟಿನಲ್ಲೇ ಕೂತಿದ್ದೆ. ಕಂಡಕ್ಟರ್, "ತೂಬಗೆರೆ ಅಂದ್ರಲ್ಲ ಯಜಮಾನ್ರೇ, ಇಳೀರಿ" ಅಂದ. ನಾನು ಮುಂದಿನ ಊರಿಗೆ ಇನ್ನೊಂದು ಟಿಕೆಟ್ ಕೇಳಿದೆ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಇಳಿಯುತ್ತೇನೆ.